ಕಿವಿ–ಮೂಗು ಚುಚ್ಚುವುದನ್ನೇ ವೃತ್ತಿ ಮಾಡಿಕೊಳ್ಳಬಹುದೇ?

ಪ್ರಶ್ನೆ: ನಾನು ಅಂಕೋಲಾದವಳು, ಬಿಕಾಂ ಮುಗಿಸಿದ್ದೇನೆ. ನಮ್ಮದು ಚಿನ್ನದ ಕೆಲಸದ ಮನೆ. ಅಪ್ಪ ಅಂಗಡಿಯಲ್ಲೇ ಮಕ್ಕಳ ಕಿವಿ, ಹೆಂಗಸರ ಮೂಗು ಚುಚ್ಚುತ್ತಾರೆ. ಚಿನ್ನದ ತಂತಿಯ ತುದಿ ಚೂಪು ಮಾಡಿ ಅದರಲ್ಲೇ ಚುಚ್ಚಿ, ಅಲ್ಲೇ ಸುತ್ತಿ ಬಿಡುತ್ತಾರೆ. ನಾನು ಬಾಡಿ ಪಿಯರ್ಸಿಂಗ್ ಕಲಿತು ಗೋಕರ್ಣದಲ್ಲೋ ಕಾರವಾರದಲ್ಲೋ ಸ್ವಂತ ಸ್ಟುಡಿಯೊ ಮಾಡಬೇಕು ಅಂದುಕೊಂಡಿದ್ದೇನೆ. ‘ಅದರಲ್ಲಿ ಕಲಿಯುವುದೇನಿದೆ, ಅಪ್ಪ ಮಾಡುವುದೇ ಅಲ್ಲವೇ’ ಅನ್ನುತ್ತಾರೆ ಆಯಿ (ಅಮ್ಮ). ಏನೇನು ಕಲಿಯಬೇಕು? ಯಾವ ಲೋಹ ಹಾಕಬೇಕು? ಸಮುದ್ರದ ಉಪ್ಪುನೀರು ಗಾಯಕ್ಕೆ ಒಳ್ಳೆಯದು ಅನ್ನುವುದು ನಿಜವೇ? ಶಿರಸಿ ಜಾತ್ರೆಯಲ್ಲಿ ಕಿವಿ ಚುಚ್ಚುವ ಗನ್ ಇಟ್ಟುಕೊಂಡು ಮಳಿಗೆ ಹಾಕೋಣ ಎಂದು ಮಾವ ಕರೆಯುತ್ತಿದ್ದಾರೆ, ಹೋಗಬಹುದೇ?

ಉತ್ತರ: ವೃತ್ತಿ ಮಾಡಿಕೊಳ್ಳಬಹುದು. ಅಕ್ಕಸಾಲಿಗರ ಮನೆಯಲ್ಲಿ ಹುಟ್ಟಿದ್ದು ಇದಕ್ಕೆ ದೊಡ್ಡ ಬಂಡವಾಳವೂ ಹೌದು. ಆದರೆ ಆಯಿಯವರ ಮಾತಿಗೆ ಮೊದಲು ಉತ್ತರ ಕೊಡಬೇಕು, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಚುಚ್ಚುವುದು ಒಂದೆರಡು ಸೆಕೆಂಡಿನ ಕೆಲಸ. ನಿಮ್ಮ ತಂದೆಯವರು ಅದನ್ನು ನನ್ನಷ್ಟೇ ಚೆನ್ನಾಗಿ, ಬಹುಶಃ ನನಗಿಂತ ಚೆನ್ನಾಗಿ ಮಾಡಬಲ್ಲರು. ಆದರೆ ಸೂಜಿ ಹೊರಬಂದ ಗಳಿಗೆಯಿಂದ ಆ ಮನುಷ್ಯರ ಮೈಮೇಲೆ ನೀವು ಮಾಡಿದ ಗಾಯವೊಂದು ಇರುತ್ತದೆ, ಅದರೊಳಗೆ ನೀವು ಆರಿಸಿದ ಲೋಹ ಕೂತಿರುತ್ತದೆ. ಕಿವಿಯ ಹಾಲೆಯಲ್ಲಾದರೆ ಗಾಯ ಮಾಯಲು 6ರಿಂದ 8 ವಾರ ಬೇಕು. ಮೂಗಿನ ಹೊಳ್ಳೆಗೆ 4ರಿಂದ 6 ತಿಂಗಳು. ಕಿವಿಯ ಮೇಲಂಚಿನ ಮೃದ್ವಸ್ಥಿಗೂ (ಮೆದು ಎಲುಬಿಗೂ) ಹೊಕ್ಕುಳಿಗೂ ಆರು ತಿಂಗಳಿಂದ ಒಂದು ವರ್ಷ. ಅಷ್ಟೂ ದಿನ ಆ ಗಾಯದ ಹೊಣೆ ನಿಮ್ಮದು ಎಂದು ಒಪ್ಪಿಕೊಂಡರೆ ಮಾತ್ರ ಇದು ವೃತ್ತಿಯಾಗುತ್ತದೆ. ಕಲಿಯಬೇಕಾದದ್ದರಲ್ಲಿ ಬಹುಪಾಲು ಸೂಜಿಗೆ ಮುಂಚಿನದು ಮತ್ತು ಸೂಜಿಯ ನಂತರದ್ದು.

ಹಾಗೆಂದು ತಂದೆಯವರ ಕೈಕೆಲಸವನ್ನು ಹಳೆಯದೆಂದು ಬದಿಗಿಡಬೇಡಿ. ಸುಶ್ರುತ ಸಂಹಿತೆಯ ಸೂತ್ರಸ್ಥಾನದ 16ನೆಯ ಅಧ್ಯಾಯ ಕಿವಿ ಚುಚ್ಚುವ ವಿಧಾನದ್ದೇ. ಮಗುವಿಗೆ ಆರು ಅಥವಾ ಏಳನೆಯ ತಿಂಗಳಲ್ಲಿ ಚುಚ್ಚಬೇಕು, ಮಗುವನ್ನು ಮಡಿಲಲ್ಲಿ ಕೂರಿಸಿ ಆಟಿಕೆ ತೋರಿಸಿ ರಮಿಸಬೇಕು, ಎಡಗೈಯಿಂದ ಕಿವಿ ಹಿಡಿದೆಳೆದು ಬಿಸಿಲು ಹಾದು ಬೆಳಗುವ ಜಾಗ ನೋಡಿ ಬಲಗೈಯಿಂದ ನಿಧಾನವಾಗಿ ನೇರಕ್ಕೆ ಚುಚ್ಚಬೇಕು ಎಂದು ಅಲ್ಲಿದೆ. ರಕ್ತ ಜಾಸ್ತಿ ಬಂದು ನೋವು ಹೆಚ್ಚಾದರೆ ಜಾಗ ತಪ್ಪಿದೆ ಎಂದು ತಿಳಿಯಬೇಕಂತೆ. ನಾನು ಇವತ್ತು ಸಣ್ಣ ಟಾರ್ಚನ್ನು ಹಾಲೆಯ ಹಿಂದೆ ಹಿಡಿದು ರಕ್ತನಾಳದ ನೆರಳು ನೋಡುವುದು ಅದನ್ನೇ. ತಂದೆಯವರು ಅಂಗಡಿಯ ಬಾಗಿಲಿನ ಬೆಳಕಿಗೆ ಮಗುವಿನ ಕಿವಿ ತಿರುಗಿಸಿ ನೋಡುತ್ತಾರಲ್ಲ, ಅದೂ ಅದನ್ನೇ. ಆ ಕಣ್ಣು, ನಡುಗದ ಕೈ, ಅಳುವ ಮಗುವಿನ ಮುಂದೆ ಗಾಬರಿಯಾಗದ ಮುಖ ಇವೆಲ್ಲ ಪುಸ್ತಕದಿಂದ ಬರುವುದಿಲ್ಲ. ಮೊದಲ ಗುರು ಮನೆಯಲ್ಲೇ ಇದ್ದಾರೆ, ಅವರ ಪಕ್ಕದಲ್ಲಿ ಕೂತು ನೋಡಿ.

ಅವರ ಹತ್ತಿರ ಸಿಗದಿರುವುದು ಶುದ್ಧಿಯ ವಿದ್ಯೆ. ಅದಕ್ಕೇ ನಾನು ಇಲ್ಲಿ ಹೆಚ್ಚು ಹೊತ್ತು ನಿಲ್ಲುತ್ತೇನೆ.

ಚಿನ್ನದ ತಂತಿಯನ್ನು ದೀಪಕ್ಕೆ ಹಿಡಿದರೆ, ಸ್ಪಿರಿಟ್ಟಿನಲ್ಲಿ ಒರೆಸಿದರೆ, ಡೆಟಾಲ್ ನೀರಿನಲ್ಲಿ ಅದ್ದಿದರೆ ಸಾಲದು. ಕುದಿಯುವ ನೀರೂ ಸಾಲದು, ಕೆಲವು ಬ್ಯಾಕ್ಟೀರಿಯಾದ ಬೀಜಾಣುಗಳು 100 ಡಿಗ್ರಿಯಲ್ಲೂ ಬದುಕುತ್ತವೆ. ಹೆಪಟೈಟಿಸ್ ಬಿ ವೈರಸ್ಸು ಒಣಗಿದ ರಕ್ತದ ಕಲೆಯಲ್ಲಿ ಕನಿಷ್ಠ ಒಂದು ವಾರ ಜೀವಂತ ಇರಬಲ್ಲದು; ಆ ಕಲೆ ಕಣ್ಣಿಗೆ ಕಾಣಲೇಬೇಕೆಂದಿಲ್ಲ. ಹಾಗಾಗಿ ಸೂಜಿ ಒಬ್ಬರಿಗೆ ಒಂದೇ, ಬಳಸಿದ ತಕ್ಷಣ ಚೂಪು ವಸ್ತು ಹಾಕುವ, ತೂತಾಗದ ಬಿಳಿ ಡಬ್ಬಿಗೆ. ಮತ್ತೆ ಬಳಸುವ ಇಕ್ಕಳ, ಕ್ಲ್ಯಾಂಪ್, ಹಾಕುವ ಆಭರಣ ಇವೆಲ್ಲ ಆಟೋಕ್ಲೇವಿಗೆ, ಅಂದರೆ ಒತ್ತಡದ ಉಗಿಯಲ್ಲಿ ರೋಗಾಣು ಕೊಲ್ಲುವ ಯಂತ್ರಕ್ಕೆ. 121 ಡಿಗ್ರಿ ಉಗಿ, ಚದರ ಇಂಚಿಗೆ 15 ಪೌಂಡ್ ಒತ್ತಡ, ಚೀಲದಲ್ಲಿ ಹಾಕಿದ್ದಕ್ಕೆ ಕನಿಷ್ಠ 30 ನಿಮಿಷ. ಅದಕ್ಕೂ ಮೊದಲು ಉಜ್ಜಿ ತೊಳೆದು ಒಣಗಿಸಿ ಚೀಲದಲ್ಲಿ ಹಾಕಿ ಮೊಹರು ಮಾಡಬೇಕು. ಕೊಳೆ ಅಂಟಿಕೊಂಡೇ ಇದ್ದರೆ ಉಗಿ ಲೋಹವನ್ನು ಮುಟ್ಟುವುದಿಲ್ಲ. ಚೀಲದ ಮೇಲಿನ ಗುರುತು ಬಣ್ಣ ಬದಲಿಸಿತು ಎಂದರೆ ಶಾಖ ತಗುಲಿತು ಎಂದಷ್ಟೇ ಅರ್ಥ. ಯಂತ್ರ ನಿಜಕ್ಕೂ ಕೊಲ್ಲುತ್ತಿದೆಯೇ ಎಂದು ತಿಳಿಯಲು ಆಗಾಗ ಬೀಜಾಣು ಪರೀಕ್ಷೆ ಮಾಡಿಸಬೇಕು.

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇದಕ್ಕೆ ಎರಡು ತೊಡಕು ಸೇರುತ್ತವೆ, ಬೇರೆ ಊರಿನಲ್ಲಿ ತರಬೇತಿ ಕೊಡುವವರು ಇವನ್ನು ಹೇಳುವುದಿಲ್ಲ. ಜೂನ್ ಬಂತೆಂದರೆ ಕರೆಂಟು ಹೋಗಿ ಬಂದು ಮಾಡುತ್ತದೆ. ಆಟೋಕ್ಲೇವ್ ಅರ್ಧದಲ್ಲಿ ನಿಂತರೆ, ಕರೆಂಟು ಬಂದ ಮೇಲೆ ಉಳಿದ ನಿಮಿಷ ಓಡಿಸಿ ಮುಗಿಸುವಂತಿಲ್ಲ. ಮೊದಲಿಂದ ಪೂರ್ತಿ ಸುತ್ತು ಮತ್ತೆ. ಎರಡನೆಯದು ತೇವ. ಆ ಚೀಲದ ಒಂದು ಬದಿ ಕಾಗದದ್ದು. ಮಳೆಗಾಲದಲ್ಲಿ ಗೋಡೆಯೇ ಬೆವರುವ ನಮ್ಮ ಕಡೆ ಕಾಗದ ಒದ್ದೆಯಾದರೆ ಅದರ ಮೂಲಕ ರೋಗಾಣು ಒಳಗೆ ಇಳಿಯುತ್ತದೆ, ಒಳಗಿರುವುದು ಶುದ್ಧ ಎಂದು ನಂಬುವಂತಿಲ್ಲ. ಗಾಳಿಯಾಡದ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಪ್ರತಿ ಚೀಲದ ಮೇಲೆ ದಿನಾಂಕ. ಕಾಗದ ಮೆತ್ತಗಾಗಿ ಕಂಡರೆ ಮತ್ತೆ ಆಟೋಕ್ಲೇವಿಗೆ.

ನಿಮ್ಮ ಮೈಯನ್ನೂ ಕಾಪಾಡಿಕೊಳ್ಳಬೇಕು. ಕಲಿಕೆ ಶುರುವಾಗುವ ಮೊದಲೇ ಹೆಪಟೈಟಿಸ್ ಬಿ ಲಸಿಕೆ ಹಾಕಿಸಿ: ಮೂರು ಡೋಸ್, ಮೊದಲನೆಯದರ ನಂತರ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮುಗಿದ ಒಂದೆರಡು ತಿಂಗಳಲ್ಲಿ ರಕ್ತ ಪರೀಕ್ಷೆ ಮಾಡಿಸಿ ಲಸಿಕೆ ಹಿಡಿದಿದೆಯೇ ನೋಡಿಕೊಳ್ಳಿ. ತಂದೆಯವರಿಗೂ ಹಾಕಿಸಿ, ಇಷ್ಟು ವರ್ಷ ಕೈಗವಸಿಲ್ಲದೆ ಕೆಲಸ ಮಾಡಿದವರು ಅವರು.

ಈಗ ಗನ್ ವಿಷಯ. ನಾನು ಗನ್ ಮುಟ್ಟುವುದಿಲ್ಲ, ನೀವೂ ಮುಟ್ಟಬೇಡಿ. ಒಳಗೆ ಟೊಳ್ಳಿರುವ ಪಿಯರ್ಸಿಂಗ್ ಸೂಜಿಯ ತುದಿ ಚರ್ಮವನ್ನು ಕೊಯ್ದು ದಾರಿ ಮಾಡುತ್ತದೆ. ಗನ್ ಮಾಡುವುದು ಮೊಂಡು ಕಡ್ಡಿಯನ್ನು ಸ್ಪ್ರಿಂಗಿನ ಬಲದಲ್ಲಿ ನುಗ್ಗಿಸುವುದು. ಅಡಕತ್ತರಿಯಲ್ಲಿ ಅಡಿಕೆ ಹೋಳು ಮಾಡುವುದಕ್ಕೂ ಕಲ್ಲಿನಲ್ಲಿ ಜಜ್ಜುವುದಕ್ಕೂ ಇರುವ ಅಂತರ ಅದು. ಸಾಮಾನ್ಯ ಗನ್ನಿನ ಪ್ಲಾಸ್ಟಿಕ್ ಮೈ ಆಟೋಕ್ಲೇವಿನ ಶಾಖ ತಡೆಯುವುದಿಲ್ಲ, ಹಾಗಾಗಿ ಅದನ್ನು ಒರೆಸಬಹುದೇ ಹೊರತು ರೋಗಾಣುಮುಕ್ತ ಮಾಡಲಾಗದು. ಹಾಲೆಯಲ್ಲಿ ಹೇಗೋ ನಡೆದುಹೋಗುತ್ತದೆ. ಕಿವಿಯ ಮೇಲ್ಭಾಗದಲ್ಲಿ ನಡೆಯುವುದಿಲ್ಲ. ಅಲ್ಲಿನ ಮೃದ್ವಸ್ಥಿಗೆ ತನ್ನದೇ ರಕ್ತನಾಳ ಇಲ್ಲ. ಮೇಲೆ ಹೊದ್ದಿರುವ ತೆಳು ಪೊರೆಯೇ ಅದಕ್ಕೆ ಆಹಾರ ಕೊಡುವುದು. ಪೊರೆ ಜಜ್ಜಿ ಬೇರ್ಪಟ್ಟು ನಡುವೆ ಕೀವು ತುಂಬಿದರೆ ಮೃದ್ವಸ್ಥಿ ಸಾಯುತ್ತದೆ, ಕಿವಿ ಮುದುಡಿ ಹೋಗುತ್ತದೆ, ಮತ್ತೆ ಮೊದಲಿನ ಆಕಾರಕ್ಕೆ ಬರುವುದಿಲ್ಲ. ಅಲ್ಲಿ ಹೆಚ್ಚಾಗಿ ಸೇರುವುದು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ. ನೀರಿರುವ ಕಡೆ ಬೆಳೆಯುವ ಜಾತಿ, ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ಅಮಾಕ್ಸಿಸಿಲಿನ್‌ಗೆ ಅದು ಬಗ್ಗುವುದಿಲ್ಲ. ಯಾರಿಗಾದರೂ ಮೇಲ್ಕಿವಿ ಕೆಂಪಾಗಿ, ಬಿಸಿಯಾಗಿ, ಬಾತು, ಮುಟ್ಟಿದರೆ ಜೀವ ಹೋಗುವಂತೆ ನೋವಿದ್ದರೆ ಅದೇ ದಿನ ಕಿವಿ–ಮೂಗು–ಗಂಟಲು ವೈದ್ಯರ ಹತ್ತಿರ ಕಳಿಸಿ. ಕಾರವಾರದ ಮೆಡಿಕಲ್ ಕಾಲೇಜು ಆಸ್ಪತ್ರೆ ನಿಮಗೆ ದೂರವೇನಲ್ಲ. ಆಭರಣ ಕಿತ್ತು ಕಳಿಸಬೇಡಿ. ತೂತು ಮುಚ್ಚಿಕೊಂಡರೆ ಕೀವು ಒಳಗೇ ಸಿಕ್ಕಿಕೊಳ್ಳುತ್ತದೆ. ತೆಗೆಯಬೇಕೋ ಬೇಡವೋ ವೈದ್ಯರು ಹೇಳಲಿ.

ಲೋಹದ ವಿಷಯದಲ್ಲಿ ನಿಮಗೆ ಯಾರೂ ಹೆಚ್ಚು ಹೇಳಿಕೊಡಬೇಕಾಗಿಲ್ಲ, ಆದರೂ ಕೆಲವು ಲೆಕ್ಕ ಬದಲಾಗುತ್ತದೆ. 916 ಚಿನ್ನ ನಮಗೆಲ್ಲ ಮರ್ಯಾದೆಯ ಲೋಹ. ಹೊಸ ಗಾಯಕ್ಕೆ ಅದು ಸ್ವಲ್ಪ ಮೆದು. ಬೇಗ ಗೀರು ಬೀಳುತ್ತದೆ, ಗೀರಿನಲ್ಲಿ ಕೊಳೆ ಕೂರುತ್ತದೆ. 14 ಅಥವಾ 18 ಕ್ಯಾರೆಟ್ಟಿನ ಗಟ್ಟಿ ಚಿನ್ನ, ನಿಕಲ್ ಬೆರೆಸದೆ, ಕನ್ನಡಿಯಂತೆ ಪಾಲಿಶ್ ಮಾಡಿದ್ದಾದರೆ ಒಳ್ಳೆಯದು. ಬಿಳಿ ಚಿನ್ನ ಕೊಳ್ಳುವಾಗ ಕೇಳಿ, ಬಹಳಷ್ಟರಲ್ಲಿ ನಿಕಲ್ ಇರುತ್ತದೆ. ಬೆಳ್ಳಿ ಹೊಸ ಗಾಯಕ್ಕೆ ಬೇಡ, ಕಪ್ಪಾಗಿ ಚರ್ಮದಲ್ಲೇ ಕಲೆ ಉಳಿಸಬಹುದು. ಒಂದು ಗ್ರಾಂ ಚಿನ್ನದ ಓಲೆ ಅಂತೂ ಬೇಡವೇ ಬೇಡ. ಮೇಲಿನ ಲೇಪ ಸವೆದ ಮೇಲೆ ಕೆಳಗಿನದು ಗಾಯಕ್ಕೆ ತಾಗುತ್ತದೆ, ಕಿವಿ ತುರಿಸಿ ನೀರೊಡೆಯುವ ಬಹಳ ಹೆಂಗಸರ ಕಥೆಯ ಹಿಂದೆ ಇರುವುದು ನಿಕಲ್ ಅಲರ್ಜಿ. ಒಮ್ಮೆ ಮೈಗೆ ಹಿಡಿದರೆ ಅದು ಸಾಮಾನ್ಯವಾಗಿ ಜೀವನಪರ್ಯಂತ. ‘ಸರ್ಜಿಕಲ್ ಸ್ಟೀಲ್’ ಎಂಬ ಚೀಟಿ ನೋಡಿ ಕೊಳ್ಳಬೇಡಿ, ಆ ಹೆಸರಿನಲ್ಲಿ ಏನು ಬೇಕಾದರೂ ಮಾರುತ್ತಾರೆ.

ನಾನು ಹೆಚ್ಚು ಬಳಸುವುದು ಟೈಟಾನಿಯಂ, ದೇಹದೊಳಗೆ ಇಡುವ ಇಂಪ್ಲಾಂಟಿನ ದರ್ಜೆಯದು. ಬಿಲ್ಲಿನ ಮೇಲೆ ಎಎಸ್‌ಟಿಎಂ ಎಫ್136 ಎಂದು ಇರಬೇಕು, ಮಾರುವವರು ಪರೀಕ್ಷಾ ಪತ್ರ ಕೊಡಬೇಕು. ಹಗುರ, ನಿಕಲ್ ಕಾಟ ಇಲ್ಲ. ನಿಮಗೆ ಇಷ್ಟವಾಗುವ ಇನ್ನೊಂದು ಗುಣ ಅದಕ್ಕಿದೆ: ದ್ರಾವಣದಲ್ಲಿ ಮುಳುಗಿಸಿ ವಿದ್ಯುತ್ ಹಾಯಿಸಿದರೆ ಮೇಲೆ ಆಕ್ಸೈಡಿನ ತೆಳು ಪದರ ಬೆಳೆಯುತ್ತದೆ, ವೋಲ್ಟೇಜಿಗೆ ತಕ್ಕಂತೆ ನೀಲಿ, ನೇರಳೆ, ಹಳದಿ, ಗುಲಾಬಿ ಬಣ್ಣ ಕಾಣುತ್ತದೆ. ಹಚ್ಚಿದ ಬಣ್ಣ ಒಂದಿಷ್ಟೂ ಇಲ್ಲ, ಬೆಳಕಿನದೇ ಆಟ. ಒಲೆ, ಕುಲುಮೆ, ಪಾಲಿಶ್ ನೋಡುತ್ತ ಬೆಳೆದವರಿಗೆ ಇದು ಬೇಗ ಕೈಗೆ ಹತ್ತುತ್ತದೆ.

ತಂತಿಯ ದಪ್ಪ ಅಳೆಯುವ ಗೇಜು ನಿಮಗೆ ಗೊತ್ತೇ ಇದೆ, ಅಂಕಿ ಹೆಚ್ಚಾದಷ್ಟೂ ತಂತಿ ತೆಳು. ಹೊಳ್ಳೆಗೆ 20 ಅಥವಾ 18, ಅಂದರೆ 0.8 ಅಥವಾ 1 ಮಿಲಿಮೀಟರ್. ಮೇಲ್ಕಿವಿಗೆ 16, 1.2 ಮಿಲಿಮೀಟರ್. ಹೊಕ್ಕುಳಿಗೆ 14. ತೆಳ್ಳಗಾದಷ್ಟೂ ಒಳ್ಳೆಯದು ಎಂದು ನಮ್ಮ ಕಡೆ ನಂಬಿಕೆ; ತೀರಾ ತೆಳು ತಂತಿಗೆ ಭಾರದ ಓಲೆ ಜೋತರೆ ಅದು ಹಾಲೆಯನ್ನು ಕೊಯ್ಯುತ್ತ ಇಳಿಯುತ್ತದೆ. ತಿರುಪಿನ ಮರೆ (ಸುತ್ತುಗೀರು) ಹೊರಗೆ ಕಾಣುವಂಥ ಕಡ್ಡಿಯನ್ನು ಹಸಿ ಗಾಯದ ಮೂಲಕ ಎಳೆಯಬೇಡಿ, ಒಳಗೋಡೆಗೆ ಗೀರು ಬೀಳುತ್ತದೆ. ಮರೆ ಒಳಗಿರುವ, ಇಲ್ಲವೇ ಒತ್ತಿ ಕೂರಿಸುವ ಬಗೆಯದು ತರಿಸಿ. ಮೊದಲ ಕಡ್ಡಿ ಊತಕ್ಕೆ ಜಾಗ ಬಿಟ್ಟು ಉದ್ದವಿರಬೇಕು, ಊತ ಇಳಿದ ಮೇಲೆ ಕರೆಸಿ ಗಿಡ್ಡದಕ್ಕೆ ಬದಲಿಸಬೇಕು. ಈ ಎರಡನೆಯ ಭೇಟಿಗೆ ಜನ ಬರುವುದಿಲ್ಲ. ಉದ್ದ ಕಡ್ಡಿ ಕೂದಲಿಗೆ, ಬೈರಾಸಿಗೆ, ಓಢಣಿಗೆ ಸಿಕ್ಕಿ ಜಗ್ಗಿ ತೂತು ಓರೆಯಾಗುತ್ತದೆ. ಹಾಗಾಗಿ ನಾನು ಆ ಭೇಟಿಯ ದುಡ್ಡನ್ನು ಮೊದಲೇ ಸೇರಿಸಿ ತೆಗೆದುಕೊಳ್ಳುತ್ತೇನೆ. ಕೊಟ್ಟದ್ದು ಹಾಳಾಗಬಾರದೆಂದಾದರೂ ಬರುತ್ತಾರೆ.

ಗುರುತು ಹಾಕುವುದನ್ನು ಕಲಿಯಲು ವರ್ಷ ಹಿಡಿಯುತ್ತದೆ. ಗಿರಾಕಿಯನ್ನು ಮಲಗಿಸಿ ಗುರುತು ಹಾಕಬೇಡಿ, ನೆಟ್ಟಗೆ ಕೂರಿಸಿ. ಎರಡು ಕಿವಿ ಯಾರದ್ದೂ ಒಂದೇ ಎತ್ತರದಲ್ಲಿ ಇರುವುದಿಲ್ಲ. ಅಳತೆಗೋಲು ಒಂದು ಹೇಳುತ್ತದೆ, ಕನ್ನಡಿ ಇನ್ನೊಂದು. ನಾನು ಕನ್ನಡಿಯ ಮಾತು ಕೇಳುತ್ತೇನೆ. ಎರಡು ಹೊಳ್ಳೆಗಳ ನಡುವಿನ ಗೋಡೆಯಲ್ಲಿ ಮೃದ್ವಸ್ಥಿಯ ಮುಂದೆ ತೆಳು ಚರ್ಮದ ಪುಟ್ಟ ಜಾಗವಿದೆ, ಚುಚ್ಚಬೇಕಾದ್ದು ಅಲ್ಲಿ. ಮೃದ್ವಸ್ಥಿಗೇ ಚುಚ್ಚಿದರೆ ತಿಂಗಳುಗಟ್ಟಲೆ ನೋವು. ಹೊಕ್ಕುಳು ಎಲ್ಲರದ್ದೂ ಚುಚ್ಚುವಂಥದ್ದಲ್ಲ: ನಿಂತಾಗ ಚೆಂದ ಕಾಣುವ ಮಡಿಕೆ ಕೂತಾಗ ಮುಚ್ಚಿಹೋದರೆ ಕಡ್ಡಿಯನ್ನು ಮೈಯೇ ಹೊರದಬ್ಬುತ್ತದೆ. ನಾಲಿಗೆಗೆ ಕೈ ಹಾಕುವುದು ಎಷ್ಟೋ ದಿನಗಳ ನಂತರದ ಮಾತು, ಕೆಳಗಿನ ರಕ್ತನಾಳಗಳನ್ನು ಓದಲು ಬಂದ ಮೇಲೆ. ಯಾವುದನ್ನು ಮಾಡುವುದಿಲ್ಲ ಎಂದು ನೀವೇ ಗಡಿ ಹಾಕಿಕೊಳ್ಳಬಹುದು, ಯಾರಿಗೂ ಕಾರಣ ಕೊಡಬೇಕಾಗಿಲ್ಲ. ಹೆಂಗಸೊಬ್ಬರು ಈ ಕೆಲಸಕ್ಕೆ ಕೂತಿದ್ದಾರೆ ಎಂದರೆ ಹಳ್ಳಿಯ ಹೆಂಗಸರು ಸಂಕೋಚ ಬಿಟ್ಟು ಬರುತ್ತಾರೆ. ಆಯಿಯವರಿಗೆ ಇದನ್ನು ಹೇಳಿ.

ಸಮುದ್ರದ ನೀರು ಒಳ್ಳೆಯದೇ ಎಂದು ಕೇಳಿದ್ದೀರಿ. ಇಲ್ಲ. ಗಾಯ ತೊಳೆಯಲು ಬೇಕಾದ ಸಲೈನ್‌ನಲ್ಲಿ ಉಪ್ಪು 0.9 ಪ್ರತಿಶತ, ಲೀಟರಿಗೆ 9 ಗ್ರಾಂ, ಮತ್ತು ಅದು ರೋಗಾಣುಮುಕ್ತ. ಸಮುದ್ರದಲ್ಲಿ ಉಪ್ಪು ಸುಮಾರು ಮೂರೂವರೆ ಪ್ರತಿಶತ, ಜತೆಗೆ ವಿಬ್ರಿಯೊದಂಥ ಬ್ಯಾಕ್ಟೀರಿಯಾ. ಗೋಕರ್ಣದಲ್ಲಿ ಸ್ಟುಡಿಯೊ ತೆರೆದರೆ ದಿನಾ ಎದುರಾಗುವ ಕಷ್ಟ ಇದೇ. ಕುಡ್ಲೆಗೋ ಓಂ ಬೀಚಿಗೋ ಬಂದವರು ಮೊದಲ ದಿನವೇ ಹೊಕ್ಕುಳು ಚುಚ್ಚಿಸಿ ಮಧ್ಯಾಹ್ನ ನೀರಿಗಿಳಿಯುತ್ತಾರೆ. ಊರು ಬಿಡುವ ದಿನ ಬನ್ನಿ ಎಂದು ಹೇಳಿ, ಕೆಲವರು ಬಾರದೇ ಹೋಗುತ್ತಾರೆ, ಹೋಗಲಿ. ನಮ್ಮವರಿಗೂ ಬೇರೆ ಬೇರೆ ಬುದ್ಧಿಮಾತು ಬೇಕು. ಮೀನು ಹೆಚ್ಚುವ, ಮಾರುವ ಹೆಂಗಸರಿಗೆ ಆ ಕೈಯಿಂದ ಮೂಗು ಮುಟ್ಟಬೇಡಿ ಎನ್ನಬೇಕು. ಶಿರಸಿ–ಸಿದ್ದಾಪುರ ಕಡೆ ಅಡಿಕೆ ಕೊಯ್ಲಿನ ದಿನಗಳಲ್ಲಿ ಸುಲಿಯಲು ಕೂರುವವರಿಗೂ ಹಾಗೇ. ಕೆರೆ, ಹೊಳೆ ಈಜು ಗಾಯ ಮಾಯುವವರೆಗೆ ಬಂದ್.

ಮನೆಮದ್ದಿನ ಬಗ್ಗೆ ಅಜ್ಜಿಯಂದಿರ ಜತೆ ಜಗಳ ಬೇಡ, ಆದರೆ ಬಿಟ್ಟುಕೊಡಬೇಡಿ. ತೆಂಗಿನೆಣ್ಣೆ ಹಚ್ಚಿದರೆ ಗಾಯದಿಂದ ಒಸರುವುದು ಹೊರಬರಲಾರದೆ ಒಳಗೇ ನಿಲ್ಲುತ್ತದೆ. ಅಡುಗೆಯ ಅರಿಸಿನ ರೋಗಾಣುಮುಕ್ತವಲ್ಲ. ತೂತಿಗೆ ಹಿಡಿಕಡ್ಡಿ (ಪೊರಕೆಯ ಕಡ್ಡಿ) ಸಿಕ್ಕಿಸುವುದು ಇನ್ನೂ ಕೆಟ್ಟದ್ದು. ಹೈಡ್ರೋಜನ್ ಪೆರಾಕ್ಸೈಡ್, ಸ್ಪಿರಿಟ್ ಹೊಸ ಚರ್ಮವನ್ನೇ ಸುಡುತ್ತವೆ. ಓಲೆ ತಿರುಗಿಸುತ್ತಿರಬೇಕು ಎನ್ನುವುದೂ ತಪ್ಪು. ಪ್ರತಿ ತಿರುವಿಗೂ ಒಳಗಿನ ಹೊಸ ಪೊರೆ ಹರಿಯುತ್ತದೆ. ದಿನಕ್ಕೆ ಎರಡು ಸಲ ಸಲೈನ್, ಮೆತ್ತಗಾದ ಹಕ್ಕಳೆಯನ್ನು ಗಾಜ್ ಬಟ್ಟೆಯಿಂದ ಒರೆಸುವುದು, ಒಣಗಿಸುವುದು. ಅಷ್ಟೇ. ನಮ್ಮ ಮಳೆಗಾಲದಲ್ಲಿ ಒಣಗಿಸುವ ಭಾಗಕ್ಕೇ ಹೆಚ್ಚು ಗಮನ ಬೇಕು, ತಲೆ ಮಿಂದು ಒದ್ದೆ ಕೂದಲನ್ನು ಕಿವಿಯ ಮೇಲೆ ಕಟ್ಟಿ ಮಲಗುವುದು ಬೇಡ.

ಇನ್ನು ‘ಆಗುವುದಿಲ್ಲ’ ಎಂದು ಹೇಳುವ ಸಂದರ್ಭಗಳು. ಕುಡಿದು ಬಂದವರು, ಹದಿನೆಂಟು ತುಂಬದೆ ಹೆತ್ತವರಿಲ್ಲದೆ ಬಂದವರು, ರಕ್ತ ತೆಳುವಾಗುವ ಮಾತ್ರೆ ನುಂಗುವವರು, ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರು, ಗರ್ಭಿಣಿಯರು, ಹಳೆಯ ಗಾಯದ ಮೇಲೆ ಕೆಲಾಯ್ಡ್ ಗಂಟು ಎದ್ದವರು. ವೈದ್ಯರನ್ನು ಕೇಳಿ ಬರಲಿ, ಅಥವಾ ಬಾರದೇ ಇರಲಿ. ಎಳೆ ಮಕ್ಕಳಿಗೆ ಆರು, ಹತ್ತು, ಹದಿನಾಲ್ಕು ವಾರಗಳ ಪೆಂಟಾವೇಲೆಂಟ್ ಲಸಿಕೆ ಮೂರೂ ಮುಗಿಯಲಿ, ಅದರಲ್ಲಿ ಧನುರ್ವಾಯುವಿನ ರಕ್ಷಣೆ ಇದೆ. ನೋವಾಗದಿರಲೆಂದು ಮರಗಟ್ಟಿಸುವ ಇಂಜೆಕ್ಷನ್ ಕೊಡುವ ಹಕ್ಕು ನಮಗಿಲ್ಲ, ಎಷ್ಟು ಬೇಡಿದರೂ.

ನನಗೆ ಹೆಚ್ಚು ಸಂಕಟವಾಗುವುದು ಮದುವೆ ಹುಡುಗಿಯರ ವಿಷಯದಲ್ಲಿ. ಗಂಡಿನ ಮನೆಯವರು ನತ್ತು ತಂದಿದ್ದಾರೆ, ಮದುವೆಗೆ ಹತ್ತು ದಿನ, ಮೂಗು ಚುಚ್ಚಿ ಕೊಡಿ ಎಂದು ಅತ್ತೆ ಜತೆಯಲ್ಲೇ ಬಂದು ನಿಲ್ಲುತ್ತಾರೆ. ಹತ್ತು ದಿನದ ಗಾಯ ಭಾರದ ನತ್ತು ತಡೆಯುವುದಿಲ್ಲ. ನಾನು ಅತ್ತೆಯವರನ್ನು ಹೊರಗೆ ಕೂರಿಸಿ ಹುಡುಗಿಯೊಬ್ಬಳನ್ನೇ ಕೇಳುತ್ತೇನೆ, ನಿನಗೆ ಬೇಕೇನಮ್ಮಾ ಎಂದು. ಬೇಡವೆಂದರೆ ಹೊರಬಂದು ಅವಳ ಹೆಸರು ಹೇಳದೆ ‘ಈಗ ಚುಚ್ಚಿದರೆ ಮದುವೆ ದಿನ ಮೂಗು ಬಾತಿರುತ್ತದೆ’ ಎನ್ನುತ್ತೇನೆ, ಅದು ಸುಳ್ಳೂ ಅಲ್ಲ. ಒತ್ತಿ ಹಿಡಿಯುವ ನತ್ತನ್ನು ನಿಮ್ಮ ತಂದೆಯವರು ಚೆನ್ನಾಗಿ ಮಾಡಿಕೊಡಬಲ್ಲರು. ನಿಮ್ಮ ಅಂಗಡಿಗೆ ಇದೂ ಒಂದು ವ್ಯಾಪಾರ.

ಕಾಗದಪತ್ರದ ಮಾತು ಚಿಕ್ಕದು. ಪಿಯರ್ಸರ್ ಆಗಲು ನಮ್ಮಲ್ಲಿ ಸರಕಾರಿ ಪರೀಕ್ಷೆಯೋ ಪದವಿಯೋ ಇಲ್ಲ. ಅಂಗಡಿಗೆ ಸ್ಥಳೀಯ ಸಂಸ್ಥೆಯ ವ್ಯಾಪಾರ ಪರವಾನಗಿ ಬೇಕು, ಕಾರವಾರದಲ್ಲಾದರೆ ನಗರಸಭೆ, ಗೋಕರ್ಣದಲ್ಲಾದರೆ ಗ್ರಾಮ ಪಂಚಾಯಿತಿ. ಬಳಸಿದ ಸೂಜಿಗಳ ವಿಲೇವಾರಿಗೆ ಮೊದಲೇ ವ್ಯವಸ್ಥೆ ಮಾಡಿಕೊಳ್ಳಿ, ಕಸದ ಗಾಡಿಗೆ ಹಾಕುವಂತಿಲ್ಲ. ಪರೀಕ್ಷೆ ಇಲ್ಲ ಎನ್ನುವುದೇ ಅಪಾಯ, ಮೂರು ದಿನದ ತರಗತಿ ಮುಗಿಸಿ ಪ್ರಮಾಣಪತ್ರ ತೂಗುಹಾಕುವವರೂ ಇದ್ದಾರೆ. ಬೆಂಗಳೂರಿನಲ್ಲೋ ಗೋವಾದಲ್ಲೋ ಆಟೋಕ್ಲೇವನ್ನು ತೆರೆದು ತೋರಿಸುವ ಸ್ಟುಡಿಯೊ ಹುಡುಕಿ, ಒಂದೆರಡು ವರ್ಷ ಶಿಷ್ಯೆಯಾಗಿ ಇರಿ. ಮೊದಲ ತಿಂಗಳುಗಳಲ್ಲಿ ತೊಳೆಯುವುದು, ಒರೆಸುವುದು, ಸಿಲಿಕೋನ್ ಕಿವಿಗೆ ಚುಚ್ಚುವುದು ಇಷ್ಟೇ ಸಿಗುತ್ತದೆ. ಮೊದಲ ವಾರವೇ ಜೀವಂತ ಕಿವಿಗೆ ಸೂಜಿ ಹಿಡಿಸುವ ಕಡೆ ಇರಬೇಡಿ. ಅಂತರರಾಷ್ಟ್ರೀಯವಾಗಿ 1994ರಲ್ಲಿ ಅಮೆರಿಕದಲ್ಲಿ ಶುರುವಾದ ವೃತ್ತಿಪರ ಪಿಯರ್ಸರ್‌ಗಳ ಸಂಘವೊಂದಿದೆ, ಗಾಯದ ಆರೈಕೆ ಮತ್ತು ಲೋಹದ ಬಗ್ಗೆ ಅವರ ಮಾರ್ಗಸೂಚಿಗಳನ್ನು ಓದಿಕೊಳ್ಳಿ. ಗೋಕರ್ಣದ ಗಿರಾಕಿ ಅಕ್ಟೋಬರಿನಿಂದ ಮಾರ್ಚ್‌ವರೆಗೆ, ಮಳೆಗಾಲದಲ್ಲಿ ಬಾಡಿಗೆ ಮಾತ್ರ ನಡೆಯುತ್ತದೆ. ಮೊದಲ ಸ್ಟುಡಿಯೊಗೆ ವರ್ಷವಿಡೀ ಜನ ಓಡಾಡುವ ಕಾರವಾರವೇ ಸರಿ ಎಂದು ನನ್ನ ಅಭಿಪ್ರಾಯ. ಅಂಕೋಲಾದ ಅಂಗಡಿಯಲ್ಲೇ ಹಿಂದಿನ ಕೋಣೆ ಸಿಗುವುದಾದರೆ ಅದಕ್ಕಿಂತಲೂ ಒಳ್ಳೆಯದು.

ಜಾತ್ರೆಗೆ ಚುಚ್ಚಲು ಹೋಗಬೇಡಿ. ಶಿರಸಿಯ ಮಾರಿಕಾಂಬಾ ಜಾತ್ರೆ ಎರಡು ವರ್ಷಕ್ಕೊಮ್ಮೆ, ಜನಸಾಗರ, ಮಾವನ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಆ ಧೂಳಿನಲ್ಲಿ ಕೈ ತೊಳೆಯಲು ಹರಿಯುವ ನೀರಿರುವುದಿಲ್ಲ, ಸಾಲಿನಲ್ಲಿ ನಿಂತವರನ್ನು ಕೂರಿಸಿ ಆರೋಗ್ಯ ಕೇಳಲು ಹೊತ್ತಿರುವುದಿಲ್ಲ, ಚುಚ್ಚಿಸಿಕೊಂಡ ಮಗು ಮರುದಿನ ಹಾನಗಲ್ಲಿನಲ್ಲೋ ಸಾಗರದಲ್ಲೋ ಇರುತ್ತದೆ. ಕಿವಿ ಬಾತರೆ ಅವರು ನಿಮ್ಮನ್ನು ಎಲ್ಲಿ ಹುಡುಕಬೇಕು? ಮಾವನಿಗೆ ಬೇಸರವಾಗದಂತೆ ಮಳಿಗೆಯಲ್ಲಿ ಕೂರಿ, ಗನ್ ಮನೆಯಲ್ಲೇ ಇರಲಿ. ಗಾಯ ಮಾಯ್ದ ಕಿವಿಗೆ ಓಲೆ, ಮೂಗಿಗೆ ಒತ್ತುವ ನತ್ತು, ನಿಕಲ್ ಇಲ್ಲದ ಟೈಟಾನಿಯಂ ಬೊಟ್ಟು ಮಾರಿ. ಚುಚ್ಚಿಸಬೇಕೆಂದು ಕೇಳಿದವರಿಗೆ ಅಂಗಡಿಯ ವಿಳಾಸವಿರುವ ಚೀಟಿ ಕೊಟ್ಟು, ಮಗುವಿನ ಲಸಿಕೆ ಕಾರ್ಡ್ ಹಿಡಿದುಕೊಂಡು ಬನ್ನಿ ಎಂದು ಹೇಳಿ.